ಗಾಳ ಹಾಕುವವರು ಬರೆದಿಟ್ಟ ಲೆಕ್ಕ

ಮೊಬೈಲಲ್ಲಿ ಮೀನು ಹಿಡಿಯುವ ವಿಡಿಯೋ ನೋಡದ ಹುಡುಗರು ಈಗ ಯಾರಿದ್ದಾರೆ? ದೋಣಿಯಲ್ಲಿ ನಿಂತವನು ಗಾಳ ಬೀಸುತ್ತಾನೆ, ನೀರು ಸಿಡಿಯುತ್ತದೆ, ಅಗಲ ಬಾಯಿಯ ಹಸಿರು ಮೀನೊಂದು ಮೇಲೆ ನೆಗೆಯುತ್ತದೆ. ಅದೇ ಬಾಸ್ ಮೀನು. "ನಮ್ಮ ಕೆರೇಲೂ ಬಾಸ್ ಸಿಗುತ್ತಾ ಸಾರ್?" ಅಂತ ತರಗತಿಯಲ್ಲಿ ಆಗಾಗ ಕೇಳುತ್ತಾರೆ.

ಇಲ್ಲ, ಸಿಗಲ್ಲ. ಈ ದೊಡ್ಡ ಬಾಯಿಯ ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಆಟಕ್ಕೆಂದು ಬೇರೆ ದೇಶಗಳಿಗೆ ಒಯ್ದು ಬಿಟ್ಟ ಎಷ್ಟೋ ಕಡೆ ಅದು ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕಿದೆ. ಪ್ರಪಂಚದ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರೂ ಇದೆ. ಆದರೆ ಬೇಸರ ಬೇಡ. ವಿದೇಶದ ಗಾಳದವರು ಸಮುದ್ರ ದಾಟಿ ಹುಡುಕಿಕೊಂಡು ಬರುತ್ತಿದ್ದ ಮೀನು ನಮ್ಮ ಪಕ್ಕದಲ್ಲೇ ಇದೆ. ಉದ್ದನಪಲ್ಲಿಯಿಂದ ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಕಾಡಿನಾಚೆ ಹೋದರೆ ಕಾವೇರಿ. ಆ ಕಾವೇರಿಯ ಗೂನುಬೆನ್ನಿನ ಮಹಶೀರ್ ಮೀನಿನ ಕಥೆ ಇದು.

ಹಲ್ಲು ಗಂಟಲಲ್ಲಿ

ಮಹಶೀರ್ ನಮಗೆ ಗೊತ್ತಿರುವ ಕಾಟ್ಲಾ, ರೋಹು ಮೀನುಗಳಂತೆ ಗೆಂಡೆ ಜಾತಿಯದು. ಮೈಮೇಲೆ ದೊಡ್ಡ ದೊಡ್ಡ ಹುರುಪೆ, ಕಿತ್ತಳೆ ಬಣ್ಣದ ಬಾಲ, ತಲೆಯ ಹಿಂದೆ ಏರಿದ ಬೆನ್ನು. ದವಡೆಯಲ್ಲಿ ಹಲ್ಲಿಲ್ಲ, ಹಲ್ಲು ಇರುವುದು ಗಂಟಲೊಳಗೆ! ಮನೆಯಲ್ಲಿ ರೋಹು ಕುಯ್ಯುವಾಗ ಕಿವಿರಿನ ಹಿಂದಿನ ಮೂಳೆ ಬಿಡಿಸಿ ನೋಡಿ, ಅಂಥದ್ದೇ ಹಲ್ಲು ಕಾಣುತ್ತದೆ.

1946ರಲ್ಲಿ ಕಾವೇರಿಯ ಉಪನದಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ, ಒಂದು ಸಿಮೆಂಟ್ ಮೂಟೆಗಿಂತ ಭಾರ. ಇಂಥ ಮೀನಿಗೆ ಕಾವೇರಿಯಲ್ಲಿ ಗಾಳಕ್ಕೆ ಏನು ಕಟ್ಟುತ್ತಿದ್ದರು ಗೊತ್ತಾ? ರಾಗಿ ಹಿಟ್ಟಿನ ಉಂಡೆ!

6,161 ಮೀನುಗಳ ಲೆಕ್ಕ

ಸಂಗಮದ ಹತ್ತಿರ ಕಾವೇರಿ ದಡದಲ್ಲಿ ಗಾಳಿಬೋರೆ ಎಂಬ ಜಾಗವಿದೆ. ಅಲ್ಲಿನ ಶಿಬಿರದಲ್ಲಿ ಒಂದು ನಿಯಮವಿತ್ತು: ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೇ ಬಿಡಬೇಕು. ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕವು, ಎಷ್ಟು ತೂಗಿದವು ಎಂಬುದನ್ನೆಲ್ಲ ಬರೆದಿಡುತ್ತಿದ್ದರು. ಸಂರಕ್ಷಿತ ಅರಣ್ಯಗಳಲ್ಲಿ ಗಾಳ ಹಾಕುವುದು ನಿಂತ ಮೇಲೆ ವಿಜ್ಞಾನಿಗಳು 1998ರಿಂದ 2012ರವರೆಗಿನ ಆ ಲೆಕ್ಕವನ್ನು ತೆಗೆದು ನೋಡಿದರು. ಒಟ್ಟು 23,620 ಗಂಟೆ, 6,161 ಮಹಶೀರ್. ಭಾಗಿಸಿ ನೋಡಿ: ಒಂದು ಮೀನಿಗೆ ಸರಾಸರಿ 3.8 ಗಂಟೆ.

ವರ್ಷ ಕಳೆದಂತೆ ಸಿಕ್ಕುವ ಮೀನುಗಳ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಚಿಕ್ಕ ಮೀನು ಹೆಚ್ಚಾದರೆ ಮರಿಗಳು ಚೆನ್ನಾಗಿ ಬದುಕುತ್ತಿವೆ ಎಂದರ್ಥ. ಒಳ್ಳೇ ಸುದ್ದಿ ಅಲ್ವಾ?

ಅವಸರ ಮಾಡಬೇಡಿ. ಯಾವ ಜಾತಿಯ ಮೀನು ಎಷ್ಟು ಅಂತ ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಅದು ಕೃಷ್ಣಾ ನದಿ ಕಡೆಯದು. ಮಹಾರಾಷ್ಟ್ರದ ಲೋಣಾವಳದಲ್ಲಿ ಅದನ್ನು ಮರಿ ಮಾಡಿಸಿ, ಮಹಶೀರ್ ಸಂತತಿ ಉಳಿಯಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ತಂದು ಬಿಟ್ಟಿದ್ದರು. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮಾತ್ರ ಕಡಿಮೆಯಾಗುತ್ತಾ ಬಂದಿತ್ತು. ಒಟ್ಟು ಮೊತ್ತ ಮಾತ್ರ ನೋಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೆಸರಿಲ್ಲದಿದ್ದರೆ ರಕ್ಷಣೆಯೂ ಇಲ್ಲ

ಇನ್ನೊಂದು ತೊಡಕಿತ್ತು. ಇಷ್ಟು ಪ್ರಸಿದ್ಧವಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಯಾವ ಪ್ರಭೇದ ಅಂತ ಗೊತ್ತಾಗದೆ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸುವುದು ಹೇಗೆ? ವಿಜ್ಞಾನಿಗಳು ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ದೇಹರಚನೆ ಮತ್ತು ಡಿಎನ್ಎ ಪರೀಕ್ಷಿಸಿದರು. ಕೇರಳದ ಪಾಂಬಾರ್ ನದಿಯಿಂದ 2007ರಲ್ಲಿ ಹೆಸರಿಸಿದ್ದ 'ಟೋರ್ ರೆಮಾದೇವಿ'ಯೂ ಇದೂ ಒಂದೇ ಎಂದು 2018ರಲ್ಲಿ ತಿಳಿಯಿತು. ಪಾಂಬಾರ್ ನೀರೂ ಕೊನೆಗೆ ಕಾವೇರಿಗೇ ಬರುತ್ತದೆ. ಆ ಹೆಸರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟದ್ದು. ಆಮೇಲೆ ಈ ಮೀನು 'ತೀವ್ರ ಅಪಾಯದಲ್ಲಿರುವ' ಜೀವಿಗಳ ಪಟ್ಟಿ ಸೇರಿತು. ಹುಲಿಗಿಂತಲೂ ಒಂದು ಮೆಟ್ಟಿಲು ಹೆಚ್ಚಿನ ಅಪಾಯ! ಹೊರಗಿನಿಂದ ತಂದ ಮೀನಿನ ಜೊತೆಗೆ ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಕೊಲ್ಲುವುದು ಇವೂ ಅದಕ್ಕೆ ಕುತ್ತು ತರುತ್ತಿವೆ.

ನಮ್ಮ ಕೆರೆಯಲ್ಲಿ

ಹೊರಗಿನಿಂದ ಬಂದ ಮೀನು ನಮ್ಮ ಕೆರೆಗಳಲ್ಲೂ ಇದೆ. ನಾವು ಜಿಲೇಬಿ ಮೀನು ಅನ್ನುವ ತಿಲಾಪಿಯಾ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ತಾಯಿ ಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಮರಿಗಳು ಹೆಚ್ಚು ಉಳಿಯುತ್ತವೆ, ಕೆರೆ ಬೇಗ ತುಂಬುತ್ತದೆ. ನಮ್ಮದೇ ಆದ ಕೊರಮೀನು, ಗೊದಮೊಟ್ಟೆ ತಿನ್ನುವ ಚಿಕ್ಕಪುಟ್ಟ ಮೀನುಗಳು ಈಗ ಎಷ್ಟಿವೆ? ಲೆಕ್ಕ ಬರೆದಿಟ್ಟರೆ ತಾನೇ ತಿಳಿಯುವುದು!

ಅದನ್ನು ನೀವೇ ಶುರು ಮಾಡಬಹುದು. ನಿಮ್ಮೂರ ಕೆರೆಯಲ್ಲಿ ಗಾಳ ಹಾಕುವ ಅಣ್ಣನನ್ನೋ ತಾತನನ್ನೋ ವಾರಕ್ಕೊಮ್ಮೆ ಕೇಳಿ. ನೋಟ್‌ಬುಕ್ಕಿನಲ್ಲಿ ಐದು ಕಲಂ ಎಳೆಯಿರಿ: ದಿನಾಂಕ, ಎಷ್ಟು ಗಂಟೆ, ಎಷ್ಟು ಗಾಳ, ಯಾವ ಮೀನು ಎಷ್ಟು, ಪ್ರತಿಯೊಂದರ ಉದ್ದ ಎಷ್ಟು ಸೆಂಟಿಮೀಟರ್. ಏನೂ ಸಿಗದ ದಿನ ಸೊನ್ನೆ ಬರೆಯುವುದನ್ನು ಮರೆಯಬೇಡಿ, ಸೊನ್ನೆಯೂ ಮಾಹಿತಿಯೇ. ನೀವು ದಡದಲ್ಲೇ ಇರಿ, ನೀರಿಗೆ ಇಳಿಯಬೇಡಿ. ಮನೆಯ ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು ಕೆರೆಗೆ ಬಿಡಲೂಬೇಡಿ.

ಒಂದು ವರ್ಷದ ಲೆಕ್ಕ ಆದ ಮೇಲೆ ಗಂಟೆಗೆ ಎಷ್ಟು ಮೀನು ಅಂತ ಗ್ರಾಫ್ ಹಾಕಿ. ಒಂದೊಂದು ಜಾತಿಗೂ ಬೇರೆ ಬೇರೆ ಗೆರೆ ಎಳೆಯಿರಿ.