ಎತ್ತಿನ ಕೊರಳಪಟ್ಟಿ ನಾವೇ ಹೊಲಿಯಬಹುದು

ನಮ್ಮದು ಚಳ್ಳಕೆರೆ ಕಡೆಯ ಮಳೆಯಾಶ್ರಿತ ಶೇಂಗಾ ಹೊಲ. ನಾಲ್ಕು ವರ್ಷದ ಹಿಂದೆ ನೈಲಾನ್ ಹಗ್ಗ ಉಜ್ಜಿ ನನ್ನ ಬಲಗಡೆ ಎತ್ತಿನ ಕೊರಳು ಹುಣ್ಣಾಯಿತು, ಅದೂ ಬಿತ್ತನೆ ಹೊತ್ತಿಗೆ. ಬಾಡಿಗೆ ಎತ್ತು ಸಿಗುವಷ್ಟರಲ್ಲಿ ಹೊಲದ ಹಸಿ ಆರಿತ್ತು. ಆಗಲೇ ಚರ್ಮದ ಪಟ್ಟಿ ಮಾಡೋಣ ಅಂತ ಕೂತೆ. "ಚರ್ಮ ಹಿಡ್ಕೊಂಡು ಕುಂತೀಯಲ್ಲ" ಎಂದು ನಕ್ಕವರ ಕಾಲಲ್ಲಿದ್ದದ್ದೂ ಚರ್ಮದ ಚಪ್ಪಲಿಯೇ!

ಮೊದಲ ಪಟ್ಟಿ ತಿಂಗಳೊಳಗೆ ಜೋತುಬಿತ್ತು. ಊರಿನ ಚರ್ಮಗೆಲಸದ ಅಜ್ಜನಿಗೆ ತೋರಿಸಿದೆ. "ಹೊಟ್ಟೆ ಭಾಗದ್ದು ಕೊಯ್ದೀಯಲ್ಲೋ ತಮ್ಮಾ, ಅದು ಎಳೀತೈತೆ. ಬೆನ್ನುದ್ದಕ್ಕೆ ಕೊಯ್ಯಬೇಕು" ಅಂದರು. ಹೊಲಿಗೆಯನ್ನೂ ಅವರೇ ಕಲಿಸಿದರು. ಜೇನುಮೇಣ ತಿಕ್ಕಿದ ಒಂದೇ ದಾರದ ಎರಡೂ ತುದಿಗೆ ಸೂಜಿ. ಆರೆಯಿಂದ ತೂತು ಮಾಡಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ ಸೂಜಿ ದಾಟಿಸಿ ಎಳೆಯಬೇಕು. ಒಂದು ಹೊಲಿಗೆ ಸವೆದು ಹರಿದರೂ ಪಕ್ಕದ್ದು ಬಿಚ್ಚುವುದಿಲ್ಲ.

ಚಿತ್ತಾರ ಬೇಕೆಂದರೆ ತಂಗಡಿಯಂಥ ತೊಗಟೆಯಲ್ಲಿ ಹದ ಮಾಡಿದ ಚರ್ಮವೇ ಆಗಬೇಕು. ಕ್ರೋಮ್ ಹದದ್ದರಲ್ಲಿ ಅಚ್ಚು ನಿಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ ಕಾಯಿರಿ. ಬಣ್ಣ ಹೆಚ್ಚುಕಡಿಮೆ ಮೊದಲಿನಂತಾದಾಗ ಅಚ್ಚಿಟ್ಟು ಮರದ ಕೊಡತಿಯಿಂದ ಹೊಡೆಯಿರಿ. ನಾನು ಅವಸರಪಟ್ಟು ತೀರಾ ಒದ್ದೆ ಇರುವಾಗಲೇ ಹೊಡೆದು ಹೂವೆಲ್ಲ ಕಲಸಿಹೋಯಿತು. ಅಚ್ಚಿಗೆ ದುಡ್ಡು ಹಾಕಬೇಡಿ, ದಪ್ಪ ಮೊಳೆಯ ತಲೆಯನ್ನು ಅರದಿಂದ ಉಜ್ಜಿದರೆ ಸಾಕು. ರಂಪಿಗೆಯನ್ನು ಮಾತ್ರ ದಿನಾ ಮಸೆಯಿರಿ. ಮೊಂಡಾದದ್ದು ಜಾರಿ ಕೈಗೇ ಬರುತ್ತದೆ. ನನ್ನ ಎಡ ಹೆಬ್ಬೆರಳಿನ ಗಾಯದ ಗುರುತು ಇನ್ನೂ ಇದೆ.

ಕೊನೆಗೆ ಹರಳೆಣ್ಣೆ ತೆಳ್ಳಗೆ ಸವರಿ, ಜಾಸ್ತಿಯಾದರೆ ಪಟ್ಟಿ ಮೆತ್ತಗಾಗುತ್ತದೆ. ದಾರದ ಗಂಟು ಕೊರಳ ಕಡೆ ಬಾರದಂತೆ ನೋಡಿಕೊಳ್ಳಿ, ಅದು ಉಜ್ಜಿದರೂ ಹುಣ್ಣೇ.