ದೋಣಿಯ ಭಾರ, ಬ್ಯಾಟರಿಯ ಜಾಗ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್ ಕಡೆ ಹಿಮ ಕರಗಿತೆಂದರೆ ಸರೋವರಗಳಿಗೆ ಪುಟ್ಟ ಅಲ್ಯೂಮಿನಿಯಂ ದೋಣಿಗಳು ಇಳಿಯುತ್ತವೆ. ಉದ್ದ 14 ಅಡಿ, ಬರಿಯ ಒಡಲಿನ ತೂಕ 100 ಕಿಲೊ ಆಸುಪಾಸು. ಮೀನಿರುವ ಜಾಗಕ್ಕೆ ಓಡಿಹೋಗಲು ಹಿಂಬದಿಯಲ್ಲಿ ಪೆಟ್ರೋಲಿನ ಔಟ್‌ಬೋರ್ಡ್ ಎಂಜಿನ್. ಅಲ್ಲಿ ತಲುಪಿದ ಮೇಲೆ ಮೀನು ಬೆದರದಂತೆ ಜೊಂಡಿನ ಅಂಚಿನಲ್ಲಿ ಸರಿಯಲು ಮೂತಿಯಲ್ಲೊಂದು ವಿದ್ಯುತ್ ಮೋಟರ್. ಇದೇ ಟ್ರೋಲಿಂಗ್ ಮೋಟರ್. 1934ರಲ್ಲಿ ಉತ್ತರ ಡಕೋಟಾದ ಫಾರ್ಗೊದಲ್ಲಿ ಓ.ಜಿ. ಶ್ಮಿಟ್ ಎಂಬವರು ಫೋರ್ಡ್ ಮಾಡೆಲ್-ಎ ಕಾರಿನ ಸ್ಟಾರ್ಟರ್ ಮೋಟರಿಗೆ ಬಾಗುವ ದಂಡವನ್ನೂ ಪಂಕವನ್ನೂ ಜೋಡಿಸಿ ಮಾಡಿದ ಸಾಧನದಿಂದ ಮಿನ್ ಕೋಟಾ ಕಂಪನಿ ಹುಟ್ಟಿತು. ಮೋಟರುಗಳು ಅಲ್ಲಿಂದ ಬಹಳ ದೂರ ಬಂದಿವೆ. ಅವುಗಳಿಗೆ ಉಣಿಸುವ ಸೀಸದ ಬ್ಯಾಟರಿಯ ತೂಕ ಮಾತ್ರ ಈಗಲೂ ದೋಣಿಯವನಿಗೆ ದೊಡ್ಡ ಲೆಕ್ಕವೇ. ಸಾಮಾನ್ಯವಾಗಿ ಬಳಸುವ ಡೀಪ್ ಸೈಕಲ್ ಬ್ಯಾಟರಿ ಒಂದೊಂದೂ ಸುಮಾರು 25ರಿಂದ 30 ಕಿಲೊ.

ಇದನ್ನು ಎಲ್ಲಿಡುವುದು? ಹಲವರು ಹಿಂಬದಿಯಲ್ಲಿಡುತ್ತಾರೆ. ಅಲ್ಲಿ ಜಾಗವಿರುತ್ತದೆ, ಬಾಸ್ ಮೀನು ಹಿಡಿಯುವ ದೊಡ್ಡ ದೋಣಿಗಳಲ್ಲೂ ಬ್ಯಾಟರಿಗಳ ಗೂಡು ಹಿಂದೆಯೇ ಇರುತ್ತದೆ. ಆದರೆ ಅವು 18ರಿಂದ 21 ಅಡಿಯ, 200 ಅಶ್ವಶಕ್ತಿಯ ಎಂಜಿನ್ ಹೊರುವ ದೋಣಿಗಳು. ಆ ಭಾರ ಅಲ್ಲೇ ಬರುತ್ತದೆಂದು ಲೆಕ್ಕ ಹಾಕಿಯೇ ಅವುಗಳ ಒಡಲಿಗೆ ರೂಪ ಕೊಟ್ಟಿರುತ್ತಾರೆ. ಸಣ್ಣ ದೋಣಿಯ ಲೆಕ್ಕ ಬೇರೆ. 10 ಅಶ್ವಶಕ್ತಿಯ ಎಂಜಿನ್ ಸುಮಾರು 40 ಕಿಲೊ, 20 ಲೀಟರ್ ಪೆಟ್ರೋಲ್ 15 ಕಿಲೊ, ಎಂಜಿನ್ನಿನ ಹಿಡಿ ಹಿಡಿದು ಕೂತವನು 80 ಕಿಲೊ. ಒಡಲಿಗಿಂತ ಹೆಚ್ಚಿನ ತೂಕ ಆಗಲೇ ಹಿಂದೆ ಕೂತಿದೆ. ಅದರ ಮೇಲೆ ಬ್ಯಾಟರಿಯನ್ನೂ ಅಲ್ಲೇ ಇಟ್ಟರೆ ಮೂತಿ ಆಕಾಶ ನೋಡುತ್ತದೆ, ದೋಣಿ ನೀರಿನ ಮೇಲಕ್ಕೇರಿ ಓಡಲಾರದೆ ತೆವಳುತ್ತದೆ. ವೇಗ ಕಡಿಮೆಯಾಗುವುದು ಸಣ್ಣ ತೊಂದರೆ. ಒಮ್ಮೆಲೇ ಎಂಜಿನ್ ನಿಲ್ಲಿಸಿದಾಗ ಹಿಂದಿನಿಂದ ಬಂದ ತನ್ನದೇ ಅಲೆ ತಗ್ಗಿದ ಹಿಂಬದಿ ಹಲಗೆಯನ್ನು ದಾಟಿ ಒಳಗೆ ನುಗ್ಗುವುದು ನಿಜವಾದ ಅಪಾಯ.

ಎತ್ತಿನ ಗಾಡಿಗೆ ಹುಲ್ಲು ಹೇರುವವರಿಗೆ ಈ ವಿದ್ಯೆ ಗೊತ್ತು. ಮುಂಭಾರ ಹೆಚ್ಚಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ. ದೋಣಿಯಲ್ಲಿ ಇದು ಇನ್ನೂ ತೊಡಕಿನದು, ಏಕೆಂದರೆ ಅಲ್ಲಿ ಎಲ್ಲಕ್ಕಿಂತ ಭಾರವಾದ ಸರಕು ಮನುಷ್ಯ, ಅವನು ಒಂದೇ ಕಡೆ ಕೂರುವುದಿಲ್ಲ. ಓಡಿಸುವಾಗ ಹಿಂದೆ, ಗಾಳ ಎಸೆಯುವಾಗ ಮೂತಿಯಲ್ಲಿ, ಅದೂ ನಿಂತುಕೊಂಡು. ಹಿಂಭಾರ ತಗ್ಗಿಸಲೆಂದು ಬ್ಯಾಟರಿಯನ್ನು ಪೂರ್ತಿ ಮುಂದಕ್ಕೆ ಒಯ್ದರೆ ಮೀನು ಹಿಡಿಯುವ ಹೊತ್ತಿಗೆ ಮನುಷ್ಯ, ಮೋಟರ್, ಬ್ಯಾಟರಿ ಮೂರೂ ಮೂತಿಯಲ್ಲಿ ಸೇರುತ್ತವೆ. ಗಾಳಿ ಎದ್ದ ದಿನ ಅಲೆಯ ಹೊಡೆತವನ್ನೆಲ್ಲ ಬ್ಯಾಟರಿಯೇ ತಿನ್ನಬೇಕಾಗುತ್ತದೆ, ಒಳಗಿನ ಸೀಸದ ಫಲಕಗಳಿಗೆ ಅದು ಒಳ್ಳೆಯದಲ್ಲ. ಹಾಗಾಗಿ ನನ್ನ ಖಚಿತ ಅಭಿಪ್ರಾಯ: ಒಂಟಿಯಾಗಿ ಹೋಗುವವನ 14 ಅಡಿಯ ದೋಣಿಯಲ್ಲಿ ಬ್ಯಾಟರಿ ನಡುಭಾಗಕ್ಕೆ ತುಸು ಮುಂದೆ, ತಳಕ್ಕೆ ಹತ್ತಿರ, ಉದ್ದನೆಯ ನಡುಗೆರೆಯ ಮೇಲೆ ಇರಬೇಕು. 27 ಕಿಲೊ ಬ್ಯಾಟರಿಯನ್ನು ಹಿಂದಿನಿಂದ 2.5 ಮೀಟರ್ ಮುಂದಕ್ಕೆ ಸರಿಸುವುದೂ, 80 ಕಿಲೊ ಮನುಷ್ಯ ಸುಮಾರು 85 ಸೆಂಟಿಮೀಟರ್ ಮುಂದೆ ಬಂದು ಕೂರುವುದೂ ದೋಣಿಗೆ ಒಂದೇ.

ನಡುವೆ ಜಾಗವಿಲ್ಲವೆಂದು ಕೆಲವರು ಸೀಟಿನ ಕೆಳಗಿನ ಫೋಮ್ ಕಿತ್ತು ಅಲ್ಲಿ ಬ್ಯಾಟರಿ ಕೂರಿಸುತ್ತಾರೆ. ದಯವಿಟ್ಟು ಇದನ್ನು ಮಾಡಬಾರದು. ನೀರು ತುಂಬಿದ ದೋಣಿ ಮುಳುಗದೆ ತೇಲುವುದು ಆ ಫೋಮಿನಿಂದ. ತಣ್ಣೀರಿನಲ್ಲಿ ಬಿದ್ದವನಿಗೆ ಹಿಡಿದುಕೊಳ್ಳಲು ಉಳಿಯುವುದು ಅದೊಂದೇ. ಸೀಟಿನ ಮುಂದೆ ಕಾಲಿಗೆ ತುಸು ಅಡ್ಡವಾದರೂ ಸರಿ, ಪೆಟ್ಟಿಗೆ ಹೊರಗಿರಲಿ.

ಮೋಟರಿನಿಂದ ದೂರವಿಟ್ಟರೆ ವೈರಿನಲ್ಲಿ ವಿದ್ಯುತ್ ಸೋರಿಹೋಗುತ್ತದೆ ಎಂಬ ಆಕ್ಷೇಪವಿದೆ. ಅದು ಸುಳ್ಳಲ್ಲ, ಆದರೆ ಪರಿಹಾರವಿರುವ ಸಮಸ್ಯೆ. 55 ಪೌಂಡ್ ತಳ್ಳುಬಲದ 12 ವೋಲ್ಟ್ ಮೋಟರ್ ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ ನಾಲ್ಕು ಮೀಟರ್ ದೂರವಿದ್ದರೆ ಹೋಗಿಬರುವ ತಂತಿ ಎಂಟು ಮೀಟರ್. 6 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೆ ಒಂದು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಕರಗುತ್ತದೆ. 16 ಚದರ ಮಿಲಿಮೀಟರ್ ಹಾಕಿ, ಬ್ಯಾಟರಿಯನ್ನು ನಡುವಿಗೆ ತಂದು ದೂರವನ್ನು ಎರಡು ಮೀಟರಿಗೆ ಇಳಿಸಿದರೆ ನಷ್ಟ ಸುಮಾರು 0.2 ವೋಲ್ಟ್. ದಪ್ಪ ತಂತಿಗೆ ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು. ವಾಲಿದ ದೋಣಿಯನ್ನು ಯಾವ ತಂತಿಯೂ ನೇರ ಮಾಡದು. ತಂತಿಗೆ 60 ಆಂಪಿಯರಿನ ಬ್ರೇಕರ್ ಬೇಕೇಬೇಕು, ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಮೋಟರಿನ ಬಳಿ ಇಟ್ಟರೆ ನಡುವಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ. ಅಲ್ಯೂಮಿನಿಯಂ ಒಡಲನ್ನೇ ನೆಗೆಟಿವ್ ತಂತಿಯಂತೆ ಬಳಸುವ ಯೋಚನೆ ಸುಳಿಯಲೂ ಬಾರದು, ಲೋಹವನ್ನು ಅದು ಕೊರೆದು ತಿನ್ನುತ್ತದೆ.

ಜಾಗ ಗೊತ್ತಾದ ಮೇಲೆ ಬಿಗಿಯಬೇಕು. ಒಳಗೇ ಪೆಟ್ರೋಲ್ ಎಂಜಿನ್ ಇರುವ ದೋಣಿಗಳಿಗೆ ಅಮೆರಿಕದ ಕರಾವಳಿ ಪಡೆಯ ನಿಯಮವೊಂದಿದೆ: 90 ಪೌಂಡ್ ಅಥವಾ ಬ್ಯಾಟರಿಯ ತೂಕದ ಎರಡು ಪಟ್ಟು, ಇವೆರಡರಲ್ಲಿ ಕಡಿಮೆಯಾದ ಬಲದಿಂದ ಎಳೆದಾಗ ಬ್ಯಾಟರಿ ಯಾವ ದಿಕ್ಕಿಗೂ ಒಂದು ಇಂಚಿಗಿಂತ ಹೆಚ್ಚು ಕದಲಬಾರದು. ಔಟ್‌ಬೋರ್ಡ್ ದೋಣಿಗೆ ಈ ಕಟ್ಟಳೆ ಅನ್ವಯಿಸದು. ಆದರೂ ಅಳತೆಗೋಲಾಗಿ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ಗಟ್ಟಿ ಪಟ್ಟಿ, ಕೆಳಗೆ ನೆಲದ ಹಲಗೆಗೆ ತಿರುಪು ಹಾಕಿದ ತಟ್ಟೆ. ತಿರುಪು ಒಡಲನ್ನು ತೂತು ಮಾಡಬಾರದು. ಚಾರ್ಜ್ ಆಗುವಾಗ ಸೀಸದ ಬ್ಯಾಟರಿ ಜಲಜನಕ ಬಿಡುತ್ತದೆ, ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕರಷ್ಟಾದರೂ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಪೆಟ್ಟಿಗೆಗೆ ಗಾಳಿಕಂಡಿ ಬೇಕು, ಪೆಟ್ರೋಲ್ ಟ್ಯಾಂಕಿನ ಜೊತೆ ಒಂದೇ ಗೂಡಿನಲ್ಲಿ ಇಡಬಾರದು.

ತಿರುಪು ಹಾಕುವ ಮುನ್ನ ಒಂದು ಸುಲಭ ಪರೀಕ್ಷೆ ಇದೆ. 25 ಲೀಟರ್ ನೀರಿನ ಕ್ಯಾನೊಂದನ್ನು ಬ್ಯಾಟರಿ ಕೂರಬೇಕಾದ ಜಾಗದಲ್ಲಿ ಕಟ್ಟಿ ದೋಣಿ ಓಡಿಸಬೇಕು. ಮೂತಿ ಕುಪ್ಪಳಿಸಿದರೆ ತುಸು ಮುಂದಕ್ಕೆ, ನೀರನ್ನು ಉಳುತ್ತಾ ಹೋದರೆ ತುಸು ಹಿಂದಕ್ಕೆ ಸರಿಸಬೇಕು. ಆಮೇಲೆ ನಿಲ್ಲಿಸಿ, ಮೂತಿಗೆ ಹೋಗಿ ನಿಂತು ಅದೇ ಪರೀಕ್ಷೆ ಮಾಡಬೇಕು. 24 ವೋಲ್ಟಿನ ಮೋಟರಾದರೆ ಎರಡು ಕ್ಯಾನ್, ನಡುಗೆರೆಯ ಎರಡೂ ಬದಿಗೆ ಒಂದೊಂದು. ಸೀಸ ಬಿಟ್ಟು ಲಿಥಿಯಂಗೆ ಬದಲಾಯಿಸಿದವರು ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು: 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ 12 ಕಿಲೊ ಆಸುಪಾಸು ಮಾತ್ರ, ಹಳೆಯ ಭಾರವನ್ನು ನಂಬಿ ಹೊಂದಿಸಿದ್ದ ಪೆಟ್ರೋಲ್ ಟ್ಯಾಂಕು, ಲಂಗರುಗಳ ಜಾಗವೂ ಆಗ ಬದಲಾಗಬೇಕಾಗಬಹುದು.