ಓದುವಾಗ ಮನಸ್ಸು ಯಾಕೆ ಜಾರುತ್ತದೆ?



ರಾತ್ರಿ ಊಟ ಮುಗಿಸಿ ಓದಲು ಕೂಡುತ್ತೀರಿ. ಮೊದಲ ನಾಲ್ಕು ಸಾಲು ಚಂದ ಓದುತ್ತೀರಿ. ಸ್ವಲ್ಪ ಹೊತ್ತಿಗೆ ಕಣ್ಣು ಅಕ್ಷರದ ಮೇಲೆ, ಮನಸ್ಸು ಹೊಲದ ಮೇಲೆ! ಆಗ ಏನಂತೀರಿ? "ನಮ್ಮ ತಲಿಗೆ ಹತ್ತಂಗಿಲ್ಲ ಬಿಡ್ರಿ" ಅಂತೀರಿ. ಕೆಲವರು ಪುಸ್ತಕ ಮುಚ್ಚಿದವರು ಮತ್ತೆ ತೆರೆಯುವುದೇ ಇಲ್ಲ.

ತಪ್ಪು ನಿಮ್ಮ ತಲೆಯದಲ್ಲ. ಈ ಸಂಗತಿ ಕೇಳಿರಿ.

ಎರಡನೇ ಮಹಾಯುದ್ಧದ ಕಾಲ. ಇಂಗ್ಲೆಂಡಿನ ವಿಮಾನಗಳಲ್ಲಿ ರಾಡಾರ್ ಎಂಬ ಯಂತ್ರವಿತ್ತು. ಸಮುದ್ರದಲ್ಲಿ ಶತ್ರುವಿನ ಹಡಗು ಇದ್ದರೆ ಅದರ ಪರದೆಯ ಮೇಲೆ ಸಣ್ಣ ಗುರುತು ಮೂಡುತ್ತಿತ್ತು. ಸೈನಿಕರು ಅದನ್ನೇ ನೋಡುತ್ತಾ ಕೂಡಬೇಕು. ಬಹಳ ಹೊತ್ತು ಕೂತರೆ ಗುರುತು ಬಂದರೂ ಕಣ್ಣು ತಪ್ಪಿ ಹೋಗುತ್ತಿತ್ತು.

ನಾರ್ಮನ್ ಮ್ಯಾಕ್‌ವರ್ತ್ ಎಂಬ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿದರು. ಅಂಕಿ ಇಲ್ಲದ ಒಂದು ಗಡಿಯಾರ ಇಟ್ಟರು. ಅದರ ಮುಳ್ಳು ಸೆಕೆಂಡಿಗೆ ಒಂದು ಹೆಜ್ಜೆ ಇಡುತ್ತಿತ್ತು. ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತಿತ್ತು. ಆಗ ಗುಂಡಿ ಒತ್ತಬೇಕು. ಹೀಗೆ 2 ತಾಸು. ಮೊದಲ ಅರ್ಧ ತಾಸಿನ ನಂತರ ತಪ್ಪುವುದು ಹೆಚ್ಚಾಯಿತು. ಇದನ್ನು ಅವರು 1948ರಲ್ಲಿ ಪ್ರಕಟಿಸಿದರು. ನೋಡಿದಿರಾ? ಗಮನ ಜಾರುವುದು ಎಲ್ಲರಿಗೂ ಇದ್ದದ್ದೇ.

ಇನ್ನೊಂದು ಪರೀಕ್ಷೆಯಲ್ಲಿ "ಸರಿ ಒತ್ತಿದಿರಿ", "ಈಗ ತಪ್ಪಿತು" ಎಂದು ಆಗಿಂದಾಗಲೇ ತಿಳಿಸಿದರು. ಆಗ ಗಮನ ಹಾಗೆ ಜಾರಲಿಲ್ಲ. ಮಾಡಿದ ಕೆಲಸ ಹೇಗಾಯಿತು ಎಂದು ತಿಳಿದರೆ ಮನಸ್ಸು ಕೆಲಸದಲ್ಲೇ ನಿಲ್ಲುತ್ತದೆ.

ಗುರಿಯೂ ಬೇಕು. ಅಮೆರಿಕದ ಎಡ್ವಿನ್ ಲಾಕ್ ಎಂಬ ವಿದ್ವಾಂಸರು 1968ರಲ್ಲಿ ಒಂದು ಮಾತು ತೋರಿಸಿಕೊಟ್ಟರು. "ಆದಷ್ಟು ಮಾಡು" ಅಂದರೆ ಕೆಲಸ ಸಡಿಲ. "ಇಷ್ಟು ಮಾಡು" ಎಂದು ಸ್ವಲ್ಪ ಕಷ್ಟದ ಗುರಿ ಇಟ್ಟರೆ ಕೆಲಸ ಹೆಚ್ಚು.

ನೀವು ಹೀಗೆ ಮಾಡಿರಿ:

1. "ಇವತ್ತು ಓದ್ತೀನಿ" ಅನ್ನಬೇಡಿ. "ಇವತ್ತು 10 ಸಾಲು ಓದ್ತೀನಿ" ಅನ್ನಿರಿ.

2. ಮಗನನ್ನೋ ಮೊಮ್ಮಗಳನ್ನೋ ಹತ್ತಿರ ಕೂಡಿಸಿಕೊಳ್ಳಿರಿ. ಪ್ರತಿ ಸಾಲಿಗೂ ಸರಿಯೋ ತಪ್ಪೋ ಹೇಳಲಿ. ತಪ್ಪಿದರೆ ನಗಬಾರದು, ತಿದ್ದಬೇಕು.

3. ಸರಿಯಾದ ಸಾಲಿಗೆ ಒಂದೊಂದು ಜೋಳದ ಕಾಳು ಬಟ್ಟಲಿಗೆ ಹಾಕಿರಿ. ಕೊನೆಗೆ ಎಣಿಸಿರಿ.

4. ಅರ್ಧ ತಾಸಾದ ಮೇಲೆ ಎದ್ದು ನೀರು ಕುಡಿದು ಬನ್ನಿರಿ.

ನಿನ್ನೆ 6 ಕಾಳು ಇದ್ದವು, ಇವತ್ತು 8 ಆದವು ಅಂದರೆ ಏನರ್ಥ? ನಿಮ್ಮ ತಲೆಗೆ ಹತ್ತುತ್ತಿದೆ ಎಂದರ್ಥ. ಬಟ್ಟಲೇ ಸಾಕ್ಷಿ.